ವಾಹನಕ್ಕೆ ದ್ವಿಮುಖ ರೇಡಿಯೊ: ಸೆಟ್ಟಿಗಿಂತ ತಂತಿ ಮುಖ್ಯ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ತಳುಕು ದಾಟಿ ಹಾನಗಲ್ ಸಮೀಪಿಸುವಷ್ಟರಲ್ಲಿ ನೆಲದ ರೂಪವೇ ಬದಲಾಗುತ್ತದೆ. ಶೇಂಗಾ ಹೊಲಗಳ ಬಯಲು ಹಿಂದೆ ಸರಿದು, ಮೊಳಕಾಲ್ಮುರು ಸುತ್ತಲಿನ ಬಂಡೆಗುಡ್ಡಗಳು ಎದುರಾಗುತ್ತವೆ. ಬಯಲಿನಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದ ದನಿ ಗುಡ್ಡದ ಮರೆಗೆ ಸರಿದೊಡನೆ ಕ್ಷೀಣಿಸುವುದು ರೇಡಿಯೊ ಅಲೆಗಳ ಸಹಜ ಗುಣ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಪೊಲೀಸ್ ಜೀಪು ಇಂಥ ಹಾದಿಯಲ್ಲಿ ಓಡಾಡುವಾಗ ಅವುಗಳಲ್ಲಿರುವ ನಿಸ್ತಂತು ಸೆಟ್ಟು ಬೇಕಾದ ಗಳಿಗೆಯಲ್ಲಿ ಮಾತನಾಡುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದನ್ನು ಜೋಡಿಸಿದ ಕೈಯನ್ನು ಅವಲಂಬಿಸಿದೆ.

ಸಂದೇಶವನ್ನು ದೂರಕ್ಕೆ ಮುಟ್ಟಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರದಲ್ಲಿರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅರಸನ ಆಜ್ಞೆಯು ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಅಧಿಕಾರಿಗಳನ್ನು ತಲುಪಿದ ಬಗೆ ಈ ಶಾಸನಗಳಿಂದ ತಿಳಿಯುತ್ತದೆ. ನಡುವಿನ ಠಾಣ್ಯವೊಂದು ಸಂದೇಶ ಪಡೆದು ಮುಂದಕ್ಕೆ ದಾಟಿಸುವ ಆ ಕ್ರಮವನ್ನೇ ಇಂದು ಗುಡ್ಡದ ಮೇಲಿನ ಮರುಪ್ರಸಾರ ಕೇಂದ್ರ, ಅಂದರೆ ರಿಪೀಟರ್, ಸೆಕೆಂಡಿನ ಒಂದು ಅಂಶದಲ್ಲಿ ನಡೆಸುತ್ತದೆ.

ಏನಿದು ದ್ವಿಮುಖ ರೇಡಿಯೊ?

ಒಂದೇ ಉಪಕರಣದಲ್ಲಿ ಪ್ರೇಷಕ ಮತ್ತು ಗ್ರಾಹಕ ಎರಡೂ ಇರುವ ಸೆಟ್ಟಿಗೆ ದ್ವಿಮುಖ ರೇಡಿಯೊ ಎನ್ನುತ್ತಾರೆ. ಜನರ ಬಾಯಲ್ಲಿ ಇದು ವೈರ್‌ಲೆಸ್ ಸೆಟ್. ಕೈಯಲ್ಲಿ ಹಿಡಿಯುವುದು ವಾಕಿಟಾಕಿಯಾದರೆ, ವಾಹನದಲ್ಲಿ ಕೂರಿಸುವುದು ಮೊಬೈಲ್ ಸೆಟ್. ವಾಕಿಟಾಕಿಯ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್‌ನ ಆಸುಪಾಸಿನಲ್ಲಿದ್ದರೆ, ವಾಹನದ ಸೆಟ್ಟಿನದು 25ರಿಂದ 50 ವ್ಯಾಟ್. ಮೈಕಿನ ಗುಂಡಿ ಒತ್ತಿದಾಗ ಮಾತು ಹೊರಡುತ್ತದೆ, ಬಿಟ್ಟಾಗ ಎದುರಿನವರ ಮಾತು ಕೇಳುತ್ತದೆ.

ಅಮೆರಿಕದ ಡೆಟ್ರಾಯಿಟ್ ಪೊಲೀಸರು 1928ರಲ್ಲಿ ಕಾರುಗಳಿಗೆ ರೇಡಿಯೊ ಅಳವಡಿಸಿದಾಗ ಅದು ಏಕಮುಖವಾಗಿತ್ತು. ಕಾರಿನಲ್ಲಿದ್ದವರು ಆದೇಶ ಕೇಳಬಹುದಿತ್ತೇ ಹೊರತು ಉತ್ತರಿಸುವಂತಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯೊನ್ ನಗರದ ಪೊಲೀಸರು ಎರಡೂ ಕಡೆಯಿಂದ ಮಾತನಾಡುವ ವ್ಯವಸ್ಥೆಯನ್ನು ಬಳಕೆಗೆ ತಂದರು. ಭಾರತದಲ್ಲಿ ಪೊಲೀಸ್ ನಿಸ್ತಂತು ವ್ಯವಸ್ಥೆಯ ಸಮನ್ವಯಕ್ಕೆ ಕೇಂದ್ರ ಸರ್ಕಾರದ ಪ್ರತ್ಯೇಕ ನಿರ್ದೇಶನಾಲಯವಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸೇನೆಯ ಸಂಪರ್ಕ ಸಾಧನಗಳ ತಯಾರಿಕೆಯಲ್ಲಿ ಹೆಸರು ಮಾಡಿತು.

ಮೊಬೈಲ್ ಫೋನ್ ಎಲ್ಲರ ಕಿಸೆಯಲ್ಲಿರುವಾಗ ಇದೇಕೆ ಎಂಬ ಪ್ರಶ್ನೆ ಸಹಜ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಗುರು ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ಅಪಾರ ಜನಸ್ತೋಮ ಸೇರುತ್ತದೆ. ಅಂಥ ಜಾತ್ರೆಗಳಲ್ಲಿ ಒಂದೇ ಟವರಿನ ಮೇಲೆ ಸಾವಿರಾರು ಕರೆಗಳ ಭಾರ ಬಿದ್ದರೆ ಕರೆ ಸಿಗುವ ಭರವಸೆಯಿರುವುದಿಲ್ಲ. ರೇಡಿಯೊದಲ್ಲಾದರೆ ಗುಂಡಿ ಒತ್ತಿ ಒಮ್ಮೆ ಹೇಳಿದ ಮಾತು ಆ ಚಾನೆಲ್ಲಿನಲ್ಲಿರುವ ಎಲ್ಲ ವಾಹನಗಳಿಗೂ ಏಕಕಾಲಕ್ಕೆ ಮುಟ್ಟುತ್ತದೆ. 2004ರ ಡಿಸೆಂಬರ್ ಸುನಾಮಿಯ ಬಳಿಕ ಅಂಡಮಾನ್‌ನಿಂದ ಸುದ್ದಿ ಹೊರಬರಲು ಹವ್ಯಾಸಿ ರೇಡಿಯೊ ಬಳಗದವರು ನೆರವಾದದ್ದು ಇದೇ ಗುಣದ ಬಲದಿಂದ.

ಎಷ್ಟು ದೂರ ಮಾತು ಸಾಧ್ಯ?

ಚಳ್ಳಕೆರೆ ಮತ್ತು ಮೊಳಕಾಲ್ಮುರು ನಡುವಿನ ನೇರ ಅಂತರ ಸುಮಾರು 45 ಕಿ.ಮೀ. ವಾಹನಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ವಿಎಚ್‌ಎಫ್ ಅಲೆಗಳು ಬಹುತೇಕ ದೃಷ್ಟಿರೇಖೆಯಲ್ಲೇ ಸಾಗುತ್ತವೆ. ಭೂಮಿಯ ವಕ್ರತೆಯನ್ನು ಗಣಿಸಿ ದೂರವನ್ನು ಅಂದಾಜಿಸಲು ಸರಳ ಸೂತ್ರವೊಂದಿದೆ. ಎರಡೂ ಆಂಟೆನಾಗಳ ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರ್ ಲೆಕ್ಕದ ಉತ್ತರ ದೊರೆಯುತ್ತದೆ.

ಈ ಲೆಕ್ಕದಂತೆ ನೆಲದಿಂದ 2 ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ಎರಡು ಜೀಪುಗಳ ನಡುವೆ ಸಮತಟ್ಟು ಬಯಲಿನಲ್ಲೂ ಸುಮಾರು 11ರಿಂದ 12 ಕಿ.ಮೀ. ಮಾತ್ರ ನೇರ ಸಂಪರ್ಕ ಸಾಧ್ಯ. ಅದೇ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡದ ಮೇಲೆ ರಿಪೀಟರ್ ಇದ್ದರೆ, ಅಡ್ಡಿಯಿಲ್ಲದ ದಿಕ್ಕಿನಲ್ಲಿ ಒಂದು ಜೀಪಿನಿಂದ ಅದಕ್ಕೆ ಸುಮಾರು 47 ಕಿ.ಮೀ. ದೂರದಿಂದಲೂ ಮಾತು ಮುಟ್ಟಬಹುದು. ರಿಪೀಟರ್ ಒಂದು ಆವರ್ತನದಲ್ಲಿ ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಮರುಪ್ರಸಾರ ಮಾಡುತ್ತದೆ. ಮರೆಮಾಡುವ ಗುಡ್ಡವೇ ನೆತ್ತಿಯ ಮೇಲೆ ಜಾಗ ಕೊಟ್ಟರೆ ನೆರವಿಗೂ ಬರುತ್ತದೆ. ಸೆಟ್ಟಿನ ವ್ಯಾಟ್ ದ್ವಿಗುಣಗೊಳಿಸುವುದಕ್ಕಿಂತ ಆಂಟೆನಾ ಎತ್ತರಿಸುವುದು ಮೇಲು ಎಂದು ತಂತ್ರಜ್ಞರು ಹೇಳುವುದು ಇದಕ್ಕಾಗಿಯೇ.

ಮೊದಲು ಪರವಾನಗಿ, ಆಮೇಲೆ ಸೆಟ್ಟು

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಕಾನೂನಿನ ಕಡೆ ಗಮನ ಕೊಡಬೇಕು. ಭಾರತದಲ್ಲಿ ಪ್ರೇಷಕ ಸೆಟ್ಟನ್ನು ಪರವಾನಗಿಯಿಲ್ಲದೆ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ 1933ರ ನಿಸ್ತಂತು ತಂತಿ ಕಾಯ್ದೆಯ ಪ್ರಕಾರ ಅಪರಾಧವಾಗಿತ್ತು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು ಈ ಕಾಯ್ದೆಯ ಸ್ಥಾನಕ್ಕೆ ರೂಪಿಸಲಾದ 2023ರ ದೂರಸಂಪರ್ಕ ಕಾಯ್ದೆ 2024ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ಬರತೊಡಗಿತು. ಅನುಮತಿ ಬೇಕು ಎಂಬ ಮೂಲ ನಿಯಮ ಇದರಲ್ಲೂ ಉಳಿದಿದೆ. ಆವರ್ತನಗಳ ಹಂಚಿಕೆ ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದ ಕೈಯಲ್ಲಿದೆ.

ಆಸಕ್ತ ನಾಗರಿಕರಿಗೆ ಇರುವ ದಾರಿ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಪರವಾನಗಿ. 12 ವರ್ಷ ತುಂಬಿದವರು ವಿದ್ಯುನ್ಮಾನ ಶಾಸ್ತ್ರದ ಮೂಲಪಾಠ ಹಾಗೂ ನಿಯಮಗಳ ಪರೀಕ್ಷೆ ಬರೆದು ಪ್ರಾರಂಭಿಕ ದರ್ಜೆಯ ಪರವಾನಗಿ ಪಡೆಯಬಹುದು. ವಾಹನದಲ್ಲಿ ಬಳಸುವ ಮುನ್ನ ತಮ್ಮ ಪರವಾನಗಿಯ ಷರತ್ತುಗಳು ಅದಕ್ಕೆ ಎಡೆಕೊಡುತ್ತವೆಯೇ ಎಂದು ನೋಡಿಕೊಳ್ಳಬೇಕು. ವಿಎಚ್‌ಎಫ್‌ನಲ್ಲಿ ಹವ್ಯಾಸಿಗಳಿಗೆ ಮೀಸಲಾದ ಪಟ್ಟಿ 144ರಿಂದ 146 ಮೆಗಾಹರ್ಟ್ಸ್. ವ್ಯಾಪಾರ ವಹಿವಾಟಿನ ಮಾತಿಗೆ ಇಲ್ಲಿ ಅವಕಾಶವಿಲ್ಲ. ಲಾರಿ ಮಾಲೀಕರು, ಕಂಪನಿಗಳು ತಮ್ಮ ಬಳಕೆಗೆ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ. 446 ಮೆಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿಯ ಕೈಸೆಟ್ಟುಗಳಿಗೆ ಷರತ್ತುಬದ್ಧ ವಿನಾಯಿತಿ ಇದೆಯಾದರೂ ವಾಹನದ 25 ವ್ಯಾಟ್ ಸೆಟ್ಟು ಅದರಡಿ ಬರುವುದಿಲ್ಲ. ಆನ್‌ಲೈನ್ ಮಳಿಗೆಗಳಲ್ಲಿ ವಾಕಿಟಾಕಿಗಳ ಅಕ್ರಮ ಮಾರಾಟ ತಡೆಯಲು 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಅಂಗಡಿಯಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಬಳಕೆ ಸಕ್ರಮವಾಗದು.

ಚಳ್ಳಕೆರೆಯಲ್ಲಿ ಈ ಎಚ್ಚರಕ್ಕೆ ಇನ್ನೂ ಒಂದು ಕಾರಣವಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಇಲ್ಲಿ ಉದ್ಘಾಟನೆಯಾಯಿತು. ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಸ್ವಯಂಚಾಲಿತವಾಗಿ ನೆಲಕ್ಕಿಳಿಸುವ ಪ್ರಯೋಗವನ್ನು 2023ರ ಏಪ್ರಿಲ್ 2ರಂದು ಇಲ್ಲಿಯೇ ನಡೆಸಿತು. ಚಾಲಕರಹಿತ ವಿಮಾನಗಳು ರೇಡಿಯೊ ಸಂಪರ್ಕದ ಆಸರೆಯಲ್ಲಿ ಹಾರುವ ಪ್ರದೇಶದಲ್ಲಿ ಅನಧಿಕೃತ ಪ್ರಸಾರವನ್ನು ಸಣ್ಣ ತಪ್ಪೆಂದು ಭಾವಿಸುವಂತಿಲ್ಲ.

ವಿದ್ಯುತ್ ನೇರ ಬ್ಯಾಟರಿಯಿಂದಲೇ

ಅನುಮತಿ ಕೈಗೆ ಬಂದ ಮೇಲೆ ಜೋಡಣೆಯ ಕೆಲಸ. ಇಲ್ಲಿ ಸಾಮಾನ್ಯವಾಗಿ ನಡೆಯುವ ಮೊದಲ ತಪ್ಪು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಅಥವಾ ಕಾರ್ ಸ್ಟಿರಿಯೊ ತಂತಿಯಿಂದ ವಿದ್ಯುತ್ ಎಳೆಯುವುದು. 50 ವ್ಯಾಟ್ ಸೆಟ್ಟು ಮಾತನಾಡುವಾಗ ಸುಮಾರು 10ರಿಂದ 12 ಆಂಪಿಯರ್ ಎಳೆಯುತ್ತದೆ. ಆ ಸಾಕೆಟ್ಟಿನ ತಂತಿ ಸತತವಾಗಿ ಇಷ್ಟು ಭಾರ ಹೊರಲೆಂದು ಹಾಕಿದ್ದಲ್ಲ. ತಂತಿ ಬಿಸಿಯಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕೆಲವೊಮ್ಮೆ ಹೊಗೆಯೂ ಏಳಬಹುದು.

ತಂತಿಯ ದಪ್ಪ ಏಕೆ ಮುಖ್ಯ ಎಂಬುದನ್ನು ಒಂದು ಲೆಕ್ಕ ತಿಳಿಸುತ್ತದೆ. ಬ್ಯಾಟರಿಯಿಂದ ಸೆಟ್ಟಿಗೆ 4 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 8 ಮೀಟರ್. 10 ಆಂಪಿಯರ್ ಹರಿಯುವಾಗ 1.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 1 ವೋಲ್ಟ್ ನಷ್ಟವಾಗುತ್ತದೆ. 2.5 ಚದರ ಮಿ.ಮೀ. ತಂತಿಯಲ್ಲಿ ಸುಮಾರು 0.6 ವೋಲ್ಟ್, 4 ಚದರ ಮಿ.ಮೀ. ತಂತಿಯಲ್ಲಿ 0.4 ವೋಲ್ಟ್‌ಗಿಂತ ಕಡಿಮೆ. ಇಂಥ ಸೆಟ್ಟುಗಳ ನಿಗದಿತ ವೋಲ್ಟೇಜ್ ಸಾಮಾನ್ಯವಾಗಿ 13.8, ಅದರಿಂದ ಶೇ 15ರಷ್ಟು ಏರಿಳಿತವನ್ನು ಹಲವು ಸೆಟ್ಟುಗಳು ತಾಳಿಕೊಳ್ಳುತ್ತವೆ. ಅಂದರೆ ಕೆಳಗಿನ ಮಿತಿ ಸುಮಾರು 11.7 ವೋಲ್ಟ್. ಇಂಜಿನ್ ನಿಂತಾಗ ಪೂರ್ಣ ಚಾರ್ಜಿನ ಬ್ಯಾಟರಿಯೂ 12.6 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ತೆಳು ತಂತಿ ಅದರಿಂದ 1 ವೋಲ್ಟ್ ನುಂಗಿದರೆ ಸೆಟ್ಟು ಮಾತಿನ ನಡುವೆಯೇ ಆರಿಹೋಗುವುದು ಆಶ್ಚರ್ಯವಲ್ಲ. ಆದ್ದರಿಂದ 4 ಚದರ ಮಿ.ಮೀ.ಗಿಂತ ತೆಳುವಲ್ಲದ, ಹಲವು ಎಳೆಗಳ ತಾಮ್ರದ ತಂತಿಯನ್ನು ಬಳಸುವುದು ಕ್ಷೇಮ.

ಲಾರಿ, ಬಸ್ಸುಗಳ ಸಂಗತಿ ಬೇರೆ. ದೊಡ್ಡ ವಾಹನಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳು ಸರಣಿಯಲ್ಲಿದ್ದು 24 ವೋಲ್ಟ್ ಇರುತ್ತದೆ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದರೆ ಅದು ಕ್ರಮೇಣ ಬರಿದಾಗಿ, ಇನ್ನೊಂದು ಮಿತಿಮೀರಿ ಚಾರ್ಜ್ ಆಗಿ ಎರಡೂ ಕೆಡುತ್ತವೆ. ಅಂಥಲ್ಲಿ 24ರಿಂದ 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಅನಿವಾರ್ಯ.

ಫ್ಯೂಸ್ ಕಾಯುವುದು ತಂತಿಯನ್ನು

ಫ್ಯೂಸ್ ಇರುವುದು ಸೆಟ್ಟಿನ ರಕ್ಷಣೆಗೆ ಎಂಬ ತಿಳಿವಳಿಕೆ ಪೂರ್ಣ ಸರಿಯಲ್ಲ. ಅದು ಮೊದಲು ಕಾಯುವುದು ತಂತಿಯನ್ನು. ಆದ್ದರಿಂದ ಅದರ ಜಾಗ ಸೆಟ್ಟಿನ ಹಿಂಬದಿಯಲ್ಲ, ಬ್ಯಾಟರಿಯ ಪಕ್ಕ. ಪಾಸಿಟಿವ್ ತುದಿಯಿಂದ ಗೇಣುದ್ದದೊಳಗೆ ಫ್ಯೂಸ್ ಇರಬೇಕು. ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಯಾವ ಕಾವಲೂ ಇರುವುದಿಲ್ಲ. ಆ ಭಾಗ ಉಜ್ಜಿ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಬೆಂಕಿ ಹತ್ತಬಹುದು. 10ರಿಂದ 12 ಆಂಪಿಯರ್ ಎಳೆಯುವ ಸೆಟ್ಟಿಗೆ 15 ಆಂಪಿಯರ್ ಫ್ಯೂಸ್ ಸಾಕು. ಸುಟ್ಟ ಫ್ಯೂಸಿಗೆ ಬದಲಾಗಿ ತಾಮ್ರದ ಎಳೆ ಸುತ್ತುವ ಅಭ್ಯಾಸ ಬೆಂಕಿಗೆ ಆಹ್ವಾನವಿತ್ತಂತೆ.

ನೆಗೆಟಿವ್ ತಂತಿಯ ವಿಚಾರದಲ್ಲಿ ವಾಹನ ನೋಡಿ ತೀರ್ಮಾನಿಸಬೇಕು. ಹಳೆಯ ವಾಹನಗಳಲ್ಲಿ ನೆಗೆಟಿವ್ ತಂತಿಯನ್ನೂ ಬ್ಯಾಟರಿಗೆ ಜೋಡಿಸಿ, ಅದಕ್ಕೂ ಒಂದು ಫ್ಯೂಸ್ ಹಾಕುವ ಪದ್ಧತಿಯಿದೆ. ಇಂಜಿನ್ನಿನ ಅರ್ಥ್ ಪಟ್ಟಿ ತುಂಡಾದಾಗ ಸ್ಟಾರ್ಟರ್ ಮೋಟಾರಿನ ಭಾರಿ ವಿದ್ಯುತ್ ಸೆಟ್ಟಿನ ಮೂಲಕ ಮರಳುವ ಅಪಾಯವನ್ನು ಅದು ತಪ್ಪಿಸುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಚಾರ್ಜ್ ಅಳೆಯುವ ಸೆನ್ಸರ್ ಇರುತ್ತದೆ. ಅಲ್ಲಿ ಆ ತುದಿಗೆ ನೇರವಾಗಿ ಜೋಡಿಸದೆ, ಬ್ಯಾಟರಿ ಕೇಬಲ್ ಬಾಡಿಗೆ ಸೇರುವ ಬೋಲ್ಟಿಗೆ ಜೋಡಿಸಬೇಕು. ಇಲ್ಲವಾದರೆ ಸೆನ್ಸರ್ ತಪ್ಪು ಲೆಕ್ಕ ಹಾಕಿ ಬ್ಯಾಟರಿ ಸರಿಯಾಗಿ ಚಾರ್ಜ್ ಆಗದೆ ಹೋಗಬಹುದು. ವಾಹನದ ಕೈಪಿಡಿಯ ಮಾತೇ ಇಲ್ಲಿ ಅಂತಿಮ.

ತಂತಿ ಸಾಗುವ ದಾರಿ

ಕೆಲಸ ಆರಂಭಿಸುವಾಗ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಬೇಕು. ಇಂಜಿನ್ ಕೋಣೆಯಿಂದ ಒಳಕ್ಕೆ ತಂತಿ ತರುವಾಗ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ ಇರಲೇಬೇಕು. ಬರಿ ತಗಡಿನ ಅಂಚು ಕಲ್ಲುದಾರಿಯ ಕುಲುಕಾಟದಲ್ಲಿ ತಂತಿಯ ಹೊದಿಕೆಯನ್ನು ದಿನೇ ದಿನೇ ಕೊಯ್ಯುತ್ತದೆ. ಸೈಲೆನ್ಸರ್ ಕೊಳವೆ, ಫ್ಯಾನ್, ಸ್ಟಿಯರಿಂಗ್ ದಂಡ, ಪೆಡಲ್‌ಗಳಿಂದ ತಂತಿ ದೂರವಿರಬೇಕು. ಒಂದು ಅಡಿಗೊಮ್ಮೆ ಪಟ್ಟಿ ಕಟ್ಟಿ, ಸುರುಳಿ ಕೊಳವೆಯೊಳಗೆ ಸಾಗಿಸಿದರೆ ಒಳ್ಳೆಯದು. ತುದಿಗಳಿಗೆ ಅಳತೆಗೆ ತಕ್ಕ ಲಗ್ ಹಾಕಿ ಕ್ರಿಂಪ್ ಮಾಡಬೇಕು. ತಂತಿ ತಿರುಚಿ ಟೇಪ್ ಸುತ್ತಿದ ಗಂಟು ಬೇಸಿಗೆಯ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಸೆಟ್ಟನ್ನು ಕೂರಿಸುವ ಜಾಗಕ್ಕೂ ನಿಯಮವಿದೆ. ಏರ್‌ಬ್ಯಾಗ್ ತೆರೆದುಕೊಳ್ಳುವ ಹಾದಿಯಲ್ಲಾಗಲಿ, ಅಪಘಾತದಲ್ಲಿ ಮೊಣಕಾಲು ಇಲ್ಲವೇ ತಲೆ ಬಡಿಯುವ ಜಾಗದಲ್ಲಾಗಲಿ ಅದು ಇರಕೂಡದು. ಪ್ರಸಾರದ ವೇಳೆ ಎಳೆದ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚು ಭಾಗ ಶಾಖವಾಗುವುದರಿಂದ ಹಿಂಬದಿಯ ಲೋಹದ ರೆಕ್ಕೆಗಳಿಗೆ ಗಾಳಿಯಾಡಬೇಕು. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್ ಮುಟ್ಟಲಾಗದಷ್ಟು ಕಾಯುತ್ತದೆ. ಸೀಟಿನ ಕೆಳಗೆ ಬಿಸಿಲು ತಟ್ಟದಿದ್ದರೂ ಧೂಳು ತುಂಬುತ್ತದೆ, ಆಗಾಗ ಒರೆಸಬೇಕಾಗುತ್ತದೆ. ಫಲಕವನ್ನು ಬೇರ್ಪಡಿಸಿ ಮುಂದೆ ಇಟ್ಟು, ಸೆಟ್ಟಿನ ಮೈಯನ್ನು ಸೀಟಿನ ಹಿಂದೆ ಕೂರಿಸುವ ಮಾದರಿಗಳು ಇದಕ್ಕೆ ಪರಿಹಾರ.

ಆಂಟೆನಾ: ಛಾವಣಿಯೇ ಅರ್ಧ ಭಾಗ

ಸರಳ ಆಂಟೆನಾ ಎಂದರೆ ಅಲೆಯ ಉದ್ದದ ಕಾಲು ಭಾಗದಷ್ಟಿರುವ ಕಡ್ಡಿ. 75ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅದರ ಉದ್ದ ಮೀಟರ್‌ಗಳಲ್ಲಿ ದೊರೆಯುತ್ತದೆ. 145 ಮೆಗಾಹರ್ಟ್ಸ್‌ಗೆ ಇದು ಸುಮಾರು 52 ಸೆಂ.ಮೀ. ಆಗುತ್ತದೆ. ಕಡ್ಡಿಯ ದಪ್ಪ ಮತ್ತಿತರ ಕಾರಣಗಳಿಂದ ನಿಜವಾದ ಉದ್ದ ಸ್ವಲ್ಪ ಕಡಿಮೆಯಾಗಿ 49 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಈ ಕಡ್ಡಿ ಒಂಟಿಯಾಗಿ ಕೆಲಸ ಮಾಡದು. ಅದರ ಕೆಳಗಿನ ಲೋಹದ ಛಾವಣಿ ಆಂಟೆನಾದ ಉಳಿದರ್ಧದಂತೆ ವರ್ತಿಸುತ್ತದೆ. ಆದಕಾರಣ ಛಾವಣಿಯ ನಡುಮಧ್ಯವೇ ಶ್ರೇಷ್ಠ ಸ್ಥಳ. ಬಂಪರಿನ ಮೂಲೆಯಲ್ಲಿ ಸಿಕ್ಕಿಸಿದರೆ ಒಂದು ದಿಕ್ಕಿಗೆ ಚೆನ್ನಾಗಿ, ಇನ್ನೊಂದಕ್ಕೆ ಮಂದವಾಗಿ ಕೇಳುತ್ತದೆ. ಕ್ಯಾನ್ವಾಸ್ ಹೊದಿಕೆಯ ಜೀಪು, ಫೈಬರ್ ಮೇಲ್ಛಾವಣಿಯ ವಾಹನಗಳಲ್ಲಿ ಕಡ್ಡಿಯ ಬುಡದ ಸುತ್ತ ಎಲ್ಲ ಕಡೆಗೂ ಅರ್ಧ ಮೀಟರ್ ಹರಡುವ ಲೋಹದ ತಗಡು ಕೊಡಬೇಕಾಗುತ್ತದೆ. ಅಯಸ್ಕಾಂತದ ಬುಡವಿರುವ ಆಂಟೆನಾ ತಾತ್ಕಾಲಿಕ ಬಳಕೆಗೆ ಸರಿ, ನಿತ್ಯದ ವಾಹನಕ್ಕೆ ತೂತು ಕೊರೆದು ಬಿಗಿಸುವುದೇ ಬಾಳಿಕೆಯ ಕ್ರಮ.

ಆಂಟೆನಾದಿಂದ ಸೆಟ್ಟಿಗೆ ಬರುವ ಕೋಆಕ್ಸಿಯಲ್ ಕೇಬಲ್ 50 ಓಮ್ ಬಗೆಯದಿರಬೇಕು. ಟಿ.ವಿ. ಕೇಬಲ್ 75 ಓಮ್ ಆದ್ದರಿಂದ ಹೊಂದುವುದಿಲ್ಲ. ಸಾಧಾರಣ ಆರ್‌ಜಿ-58 ಕೇಬಲ್ 5 ಮೀಟರ್ ಇದ್ದರೆ ಈ ಪಟ್ಟಿಯಲ್ಲಿ ಸುಮಾರು ಐದನೇ ಒಂದು ಭಾಗ ಶಕ್ತಿ ದಾರಿಯಲ್ಲೇ ಕರಗುತ್ತದೆ. ಹಾಗಾಗಿ ಬೇಕಾದಷ್ಟೇ ಉದ್ದ ಇಡಬೇಕು. ಬಾಗಿಲ ಸಂದಿಯಲ್ಲಿ ಚಪ್ಪಟೆಯಾದ, ನೀರು ಇಳಿದ ಕೇಬಲ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರುತ್ತದೆ.

ಜೋಡಣೆ ಮುಗಿದ ಮೇಲೆ ಎಸ್‌ಡಬ್ಲ್ಯುಆರ್ ಮಾಪಕದಿಂದ ಅಳೆಯದೆ ಕೆಲಸ ಪೂರ್ಣವಾಯಿತೆನ್ನುವಂತಿಲ್ಲ. ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಮರಳುತ್ತದೆ ಎಂಬುದನ್ನು ಈ ಅನುಪಾತ ತಿಳಿಸುತ್ತದೆ. ಅದು 1.5 ಇದ್ದರೆ ಶೇ 4ರಷ್ಟು, 2 ಇದ್ದರೆ ಶೇ 11ರಷ್ಟು, 3 ಇದ್ದರೆ ಶೇ 25ರಷ್ಟು ಶಕ್ತಿ ಮರಳುತ್ತದೆ. 1.5ರೊಳಗಿದ್ದರೆ ಉತ್ತಮ. 3 ಮುಟ್ಟಿದರೆ ಕೇಬಲ್, ಕನೆಕ್ಟರ್, ಕಡ್ಡಿಯ ಉದ್ದವನ್ನು ಮತ್ತೆ ಪರೀಕ್ಷಿಸಬೇಕು. ಆಂಟೆನಾ ಇಲ್ಲದೆ ಮೈಕಿನ ಗುಂಡಿ ಒತ್ತಿದರೆ ಸೆಟ್ಟಿನ ಅಂತಿಮ ಟ್ರಾನ್ಸಿಸ್ಟರ್ ಸುಡುವ ಸಂಭವವಿದೆ.

ಗದ್ದಲದ ಮೂಲ

ಇಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳೆ ಕೇಳಿದರೆ ಅದು ಆಲ್ಟರ್ನೇಟರಿನದು. ನೇರ ಬ್ಯಾಟರಿಯಿಂದ ವಿದ್ಯುತ್ ತಂದಲ್ಲಿ ಇದು ಬಹುಪಾಲು ತಗ್ಗುತ್ತದೆ. ಪೆಟ್ರೋಲ್ ಇಂಜಿನ್ನಿನ ಕಿಡಿಯಿಂದ ಟಿಕ್ ಟಿಕ್ ಸದ್ದು ಬರುತ್ತದೆ, ಡೀಸೆಲ್ ಇಂಜಿನ್ನಿಗೆ ಆ ಕಾಟವಿಲ್ಲ. ಅಗ್ಗದ ಎಲ್‌ಇಡಿ ದೀಪ, ಫೋನ್ ಚಾರ್ಜರ್‌ಗಳೂ ಗದ್ದಲ ಹುಟ್ಟಿಸುತ್ತವೆ. ಒಂದೊಂದನ್ನೇ ಆರಿಸಿ ನೋಡಿದರೆ ಮೂಲ ಪತ್ತೆಯಾಗುತ್ತದೆ. ಬಳಿಕ ತಂತಿಗೆ ಫೆರೈಟ್ ಮಣಿ ಹಾಕಬಹುದು, ಬಾನೆಟ್ ಮತ್ತು ಬಾಡಿಯ ನಡುವೆ ಹೆಣೆದ ತಾಮ್ರದ ಪಟ್ಟಿ ಕೊಡಬಹುದು.

ರಸ್ತೆಗಿಳಿಯುವ ಮುನ್ನ

ವಾಹನ ನಿಂತಲ್ಲೇ ಇಂಜಿನ್ ಚಾಲೂ ಇಟ್ಟು, ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡಿ ಸೆಟ್ಟಿನ ತುದಿಯಲ್ಲಿ ವೋಲ್ಟೇಜ್ ಅಳೆಯಬೇಕು. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಮಿನುಗುತ್ತವೆಯೇ, ಇಂಜಿನ್ ತಡವರಿಸುತ್ತದೆಯೇ ಎಂದು ಗಮನಿಸಬೇಕು. ಹಾಗಾದಲ್ಲಿ ಆಂಟೆನಾ ಅಥವಾ ಕೇಬಲ್ಲಿನ ಜಾಗ ಬದಲಿಸದೆ ಓಡಿಸಬಾರದು. ಫ್ಯೂಸ್ ಹಿಡಿಕೆ, ಲಗ್‌ಗಳನ್ನು ಮುಟ್ಟಿ ನೋಡಿದಾಗ ಬಿಸಿಯಿದ್ದರೆ ಜೋಡಣೆ ಸಡಿಲವಿದೆ ಎಂದರ್ಥ. ವಾಹನ ನಿಲ್ಲಿಸಿದಾಗ ಸೆಟ್ಟು ತಾನಾಗಿ ಆರುವಂತೆ ಇಗ್ನಿಷನ್ ತಂತಿ ಜೋಡಿಸದಿದ್ದರೆ, ಮರುದಿನ ಬ್ಯಾಟರಿ ಬರಿದಾಗಿರುವುದುಂಟು.

ಬಳಕೆಯಲ್ಲೂ ಎಚ್ಚರ ಬೇಕು. ಪೆಟ್ರೋಲ್ ಬಂಕಿನಲ್ಲಿ ಪ್ರಸಾರ ಸಲ್ಲದು. ಕಲ್ಲು ಕ್ವಾರಿಗಳಲ್ಲಿ ವಿದ್ಯುತ್ ಡಿಟೋನೇಟರ್ ಬಳಸಿ ಸಿಡಿಸುವಲ್ಲಿ ಪ್ರಬಲ ರೇಡಿಯೊ ಅಲೆಗಳು ಅಪಾಯ ತರಬಲ್ಲವು, ಅಂಥಲ್ಲಿ ಸೆಟ್ಟನ್ನು ಆರಿಸಿಯೇ ಸಾಗಬೇಕು. ಯಾರಾದರೂ ಆಂಟೆನಾ ಹಿಡಿದು ನಿಂತಿರುವಾಗ ಗುಂಡಿ ಒತ್ತಬಾರದು. 2019ರಲ್ಲಿ ತಿದ್ದುಪಡಿಗೊಂಡ ಮೋಟಾರು ವಾಹನ ಕಾಯ್ದೆಯು ಚಾಲನೆಯ ವೇಳೆ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೈಕು ಪಕ್ಕದವರ ಕೈಯಲ್ಲಿರಲಿ ಅಥವಾ ವಾಹನ ನಿಲ್ಲಿಸಿ ಮಾತನಾಡಲಿ.

ಆರು ತಿಂಗಳಿಗೊಮ್ಮೆ ಫ್ಯೂಸ್, ಅರ್ಥ್ ಬೋಲ್ಟ್, ಗ್ರಾಮೆಟ್, ಆಂಟೆನಾ ಬುಡ, ಕನೆಕ್ಟರ್ ಈ ಐದನ್ನು ನೋಡಿದರೆ ಸೆಟ್ಟು ವರ್ಷಗಟ್ಟಲೆ ಬಾಳುತ್ತದೆ. ನೋಡಲು ಹಿಡಿಯುವ ಸಮಯ ಅರ್ಧ ಗಂಟೆ. ಹಾನಗಲ್ ದಾಟಿ ಗುಡ್ಡಗಳ ನಡುವೆ ಹೊಕ್ಕ ಆಂಬುಲೆನ್ಸಿನ ಕರೆ ಆಸ್ಪತ್ರೆಗೆ ಮುಟ್ಟಬೇಕಾದರೆ ಆ ಅರ್ಧ ಗಂಟೆಯನ್ನು ಮೊದಲೇ ಕೊಟ್ಟಿರಬೇಕಾಗುತ್ತದೆ.